ಹಾಡು ಅದೇ, ಬೆಲೆ ಬೇರೆ: ಕ್ಯಾಂಟೊಪಾಪ್ ಎಲ್‌ಪಿ ಕೊಳ್ಳುವವರಿಗೆ

ಹಾಂಗ್‌ಕಾಂಗಿನ ಶಾಮ್ ಶುಯಿ ಪೋ ಪ್ರದೇಶದಲ್ಲಿ ಆಪ್ಲಿಯು ಬೀದಿ ಇದೆ. ಹಳೆಯ ರೇಡಿಯೊ, ಕೈಗಡಿಯಾರ, ವೈರು, ಚಾರ್ಜರುಗಳ ಪಕ್ಕದಲ್ಲೇ ರಟ್ಟಿನ ಪೆಟ್ಟಿಗೆಗಳಲ್ಲಿ ಎಲ್‌ಪಿ ರೆಕಾರ್ಡುಗಳನ್ನು, ಅಂದರೆ ಹಾಡು ತುಂಬಿದ ದೊಡ್ಡ ಪ್ಲಾಸ್ಟಿಕ್ ತಟ್ಟೆಗಳನ್ನು, ನಿಲ್ಲಿಸಿಟ್ಟಿರುತ್ತಾರೆ. ಹೊಸದಾಗಿ ಸಂಗ್ರಹಕ್ಕೆ ಇಳಿದವರು ಅಲ್ಲಿ ಮೊದಲು ಹುಡುಕುವುದು ಹಳೆಯದನ್ನು. ಹಳೆಯದಾದಷ್ಟೂ ಅಪರೂಪ ಎಂಬ ಲೆಕ್ಕ ಅವರದು. ಕ್ಯಾಂಟೊಪಾಪ್, ಅಂದರೆ ಹಾಂಗ್‌ಕಾಂಗಿನ ಜನ ಆಡುವ ಚೀನೀ ನುಡಿಯಾದ ಕ್ಯಾಂಟನೀಸಿನ ಪಾಪ್ ಹಾಡುಗಳ ರೆಕಾರ್ಡುಗಳ ಮಟ್ಟಿಗೆ ಈ ಲೆಕ್ಕ ಅನೇಕ ಸಲ ತಲೆಕೆಳಗಾಗುತ್ತದೆ.

ಕಾರಣ ಸರಳ. 1974ರ ಸುಮಾರಿಗೆ ಗಾಯಕ ಸ್ಯಾಮ್ ಹುಯಿ ಅವರ ಹಾಡುಗಳಿಂದ, ಟಿವಿ ಧಾರಾವಾಹಿಗಳ ಶೀರ್ಷಿಕೆ ಗೀತೆಗಳಿಂದ ಕ್ಯಾಂಟನೀಸ್ ಹಾಡಿಗೆ ದೊಡ್ಡ ಮಾರುಕಟ್ಟೆ ಸಿಕ್ಕಿತು. 1980ರ ದಶಕದ ನಡುವಿನ ಹೊತ್ತಿಗೆ ಆಲನ್ ಟಾಮ್, ಲೆಸ್ಲಿ ಚಿಯಂಗ್, ಅನಿಟಾ ಮುಯಿ ಅವರ ರೆಕಾರ್ಡುಗಳು ಮನೆಮನೆಗೂ ಹೋದವು. ಅಷ್ಟು ಮಾರಾಟವಾದದ್ದು ಇಂದಿಗೂ ಧಾರಾಳವಾಗಿ ಸಿಗುತ್ತದೆ. ಆಲನ್ ಟಾಮ್ ಅವರ 1984-85ರ ಜನಪ್ರಿಯ ಎಲ್‌ಪಿಗಳನ್ನು 'ಅಪರೂಪ' ಎಂದು ಯಾರಾದರೂ ಹೇಳಿದರೆ ಅವಸರಪಡಬೇಡಿ, ಮುಂದಿನ ಪೆಟ್ಟಿಗೆಯಲ್ಲಿ ಇನ್ನೊಂದು ಪ್ರತಿ ಇರುವ ಸಂಭವವೇ ಹೆಚ್ಚು. ದಶಕದ ಕೊನೆಗೆ ಕ್ಯಾಸೆಟ್ಟು ಮತ್ತು ಸಿಡಿ ಎಲ್‌ಪಿಯ ಜಾಗ ಹಿಡಿದವು, ಕಂಪನಿಗಳು ಎಲ್‌ಪಿ ಒತ್ತುವ ಸಂಖ್ಯೆಯನ್ನು ತಗ್ಗಿಸುತ್ತ ಬಂದು 1990ರ ದಶಕದ ಶುರುವಿನಲ್ಲಿ ಬಹುಪಾಲು ನಿಲ್ಲಿಸಿಬಿಟ್ಟವು. ಹೀಗಾಗಿ ನಿಜವಾಗಿ ಕೈಗೆ ಸಿಗದಿರುವುದು ಆ ಕೊನೆಯ ಎರಡು ಮೂರು ವರ್ಷಗಳ ರೆಕಾರ್ಡು. ಫೇ ವಾಂಗ್ 1989ರಲ್ಲಿ ಸಿನೆಪಾಲಿ ಕಂಪನಿಯಿಂದ, ಆಗಿನ್ನೂ ಶರ್ಲಿ ವಾಂಗ್ ಎಂಬ ಹೆಸರಿನಲ್ಲಿ ತಂದ ಮೊದಲ ಆಲ್ಬಂ ಇದಕ್ಕೆ ಒಳ್ಳೆಯ ಉದಾಹರಣೆ: ಹಾಡುಗಾರ್ತಿ ಮುಂದೆ ದೊಡ್ಡವರಾದರು, ರೆಕಾರ್ಡು ಬಂದದ್ದು ಎಲ್‌ಪಿಯ ಸಂಜೆಗಾಲದಲ್ಲಿ.

ಬಂದಾಗ ಯಾರೂ ಕೊಳ್ಳದೆ ಹೋದದ್ದೂ ಅಪರೂಪವೇ. ಲೆಸ್ಲಿ ಚಿಯಂಗ್ 1970ರ ದಶಕದ ಕೊನೆಯಲ್ಲಿ ಪಾಲಿಡಾರ್ ಕಂಪನಿಗೆ ಹಾಡಿದ ರೆಕಾರ್ಡುಗಳು ಓಡಲಿಲ್ಲ. ಅವರಿಗೆ ಹೆಸರು ಬಂದದ್ದು ಕ್ಯಾಪಿಟಲ್ ಆರ್ಟಿಸ್ಟ್ಸ್ ಕಂಪನಿ ಸೇರಿ, 1983ರ ಆಲ್ಬಂ ಹೊರಬಂದ ಮೇಲೆ. ಆ ಮೊದಲಿನ ಪಾಲಿಡಾರ್ ಪ್ರತಿಗಳನ್ನು ಇಂದು ಹುಡುಕಿಕೊಂಡು ಹೋಗಬೇಕು. ಇನ್ನು ಕೆಲವು ಇಲ್ಲವೇ ಇಲ್ಲ ಎಂಬುದೂ ತಿಳಿದಿರಬೇಕು. ಬಿಯಾಂಡ್ ಎಂಬ ರಾಕ್ ತಂಡ 1986ರಲ್ಲಿ ತನ್ನದೇ ಹಣ ಹಾಕಿ ತಂದದ್ದು ಕ್ಯಾಸೆಟ್ಟು. ಅದರ '1986ರ ಮೂಲ ಎಲ್‌ಪಿ' ಎಂದು ಯಾರಾದರೂ ತೋರಿಸಿದರೆ ಅದು ಆಮೇಲೆ ಮಾಡಿದ ಮುದ್ರಣ.

ಇಷ್ಟು ಗೊತ್ತಿದ್ದರೆ ಮುಂದಿನ ಕೆಲಸ ಕೈಯಲ್ಲಿರುವ ಪ್ರತಿ ಯಾವ ಮುದ್ರಣ, ಅಂದರೆ ತಟ್ಟೆಯನ್ನು ಎಲ್ಲಿ, ಯಾವಾಗ ಒತ್ತಿದ್ದು ಎಂದು ಪತ್ತೆ ಮಾಡುವುದು. ಚೀನೀ ಲಿಪಿ ಓದಲು ಬಾರದವರೂ ಇದನ್ನು ಮಾಡಬಹುದು, ಏಕೆಂದರೆ ಆಧಾರವೆಲ್ಲ ಅಂಕಿಗಳಲ್ಲಿದೆ. ಕವರಿನ ಬೆನ್ನು, ನಡುವಿನ ಲೇಬಲ್ಲು, ಲೇಬಲ್ಲಿಗೂ ಕೊನೆಯ ಹಾಡಿಗೂ ನಡುವಿನ ನುಣುಪು ಪಟ್ಟಿ, ಈ ಮೂರು ಕಡೆ ಕಂಪನಿ ಆ ರೆಕಾರ್ಡಿಗೆ ಕೊಟ್ಟ ಕ್ಯಾಟಲಾಗ್ ಸಂಖ್ಯೆ ಒಂದಕ್ಕೊಂದು ಹೊಂದಬೇಕು. ಪಟ್ಟಿಯ ಮೇಲೆ ಸಂಖ್ಯೆಯನ್ನು ಕೈಯಿಂದ ಕೆತ್ತಿರುತ್ತಾರೆ ಇಲ್ಲವೇ ಒತ್ತಿರುತ್ತಾರೆ. ಟಾರ್ಚನ್ನು ಓರೆಯಾಗಿ ಹಿಡಿದರೆ ಓದಬಹುದು. 1980ರ ದಶಕದ ನಡುವಿನಿಂದ ಪಾಲಿಡಾರ್ ಸೇರಿದ ಪಾಲಿಗ್ರಾಂ ಗುಂಪಿನ ಸಂಖ್ಯೆಗಳ ಕೊನೆಯಲ್ಲಿ ಅಡ್ಡಗೆರೆ ಹಾಕಿ 1 ಎಂದಿದ್ದರೆ ಎಲ್‌ಪಿ, 2 ಸಿಡಿ, 4 ಕ್ಯಾಸೆಟ್ಟು. ಎಲ್‌ಪಿ ಕವರಿನ ಮೇಲೆ 2 ಕಂಡರೆ ಸಿಡಿಯ ಚಿತ್ರವನ್ನು ನಕಲು ಮಾಡಿ ಹಿಗ್ಗಿಸಿದ್ದಾರೆಯೇ ಎಂದು ಅನುಮಾನಿಸಿ. ಹಿಗ್ಗಿಸಿದ ಕವರಿನಲ್ಲಿ ಸಣ್ಣ ಅಕ್ಷರಗಳ ಅಂಚು ಕದಡಿರುತ್ತದೆ.

ಮುದ್ರಣ ಆದ ಊರೂ ಬೆಲೆಯನ್ನು ಬದಲಿಸುತ್ತದೆ. ಹಾಂಗ್‌ಕಾಂಗ್, ಸಿಂಗಪುರ, ಮಲೇಷ್ಯಾ, ತೈವಾನ್, ದಕ್ಷಿಣ ಕೊರಿಯಾ ಎಲ್ಲೆಡೆ ಇವು ಮುದ್ರಣಗೊಂಡಿವೆ. ಸಾಮಾನ್ಯವಾಗಿ ಹಾಂಗ್‌ಕಾಂಗಿನ ಮೊದಲ ಮುದ್ರಣಕ್ಕೇ ಮರ್ಯಾದೆ ಹೆಚ್ಚು. ಆದರೆ ಕೊರಿಯಾದಲ್ಲಿ ಎಲ್‌ಪಿ ತಯಾರಿಕೆ ಇನ್ನೂ ಕೆಲವು ವರ್ಷ ನಡೆಯಿತು. ಹೀಗಾಗಿ 1990ರ ನಂತರದ ಆಲ್ಬಂ ಆಗಿದ್ದರೆ ಹಾಂಗ್‌ಕಾಂಗ್ ಎಲ್‌ಪಿ ಇತ್ತೇ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಕೊರಿಯಾದ ಪ್ರತಿಯೊಳಗೆ ಕೊರಿಯನ್ ಲಿಪಿಯ ಹಾಳೆ ಇರುತ್ತದೆ, ಗುರುತು ಹಿಡಿಯುವುದು ಸುಲಭ. ಇತ್ತೀಚಿನ ಮರುಮುದ್ರಣಗಳು ಹೆಚ್ಚಾಗಿ 180 ಗ್ರಾಂ ತೂಕದವು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು: ಆ ಕಾಲದ ಮಾಮೂಲು ಎಲ್‌ಪಿ 120ರಿಂದ 140 ಗ್ರಾಂ ತೂಗುತ್ತದೆ. ಮರುಮುದ್ರಣ ಕೆಟ್ಟದ್ದೇನಲ್ಲ, ಕೇಳಲು ಬಹಳ ಸಲ ಅದೇ ಸುಖ. ಮೂಲದ ಬೆಲೆ ತೆತ್ತು ಅದನ್ನು ತರಬಾರದು, ಅಷ್ಟೆ.

ರೇಡಿಯೊ ನಿಲಯಗಳಿಗೆಂದೇ ಕಂಪನಿಗಳು ಕಳಿಸುತ್ತಿದ್ದ ಬಿಳಿ ಲೇಬಲ್ಲಿನ ಪ್ರತಿಗಳಿವೆ, ಕ್ಯಾಂಟನೀಸಿನಲ್ಲಿ 'ಬಾಕ್ ಬಾನ್'. ಸಂಗ್ರಾಹಕರಿಗೆ ಇವುಗಳ ಮೇಲೆ ಕಣ್ಣು. ಅಂಗಡಿಗೆ ಬಾರದ ಕಾರಣ ಸಂಖ್ಯೆ ಕಡಿಮೆ. ಬರಿಯ ಬಿಳಿ ಕಾಗದವಾದ್ದರಿಂದ ನಕಲು ಮಾಡುವುದೂ ಸುಲಭ, ಹಾಗಾಗಿ ಇಲ್ಲಿ ನಂಬಬೇಕಾದ್ದು ನುಣುಪು ಪಟ್ಟಿಯ ಸಂಖ್ಯೆಯನ್ನು ಮಾತ್ರ. ಇನ್ನೊಂದು ತೊಂದರೆ ಕಣ್ಣಿಗೆ ಬೀಳುವುದಿಲ್ಲ. ನಿಲಯದಲ್ಲಿ ಹಾಡು ಸರಿಯಾದ ಕ್ಷಣಕ್ಕೆ ಶುರುವಾಗಲೆಂದು ಮುಳ್ಳು ಇಟ್ಟು ತಟ್ಟೆಯನ್ನು ಹಿಂದೆ ಮುಂದೆ ಆಡಿಸುತ್ತಿದ್ದರು. ಹಾಡಿನ ಮೊದಲ ಕೆಲವು ಸೆಕೆಂಡಿನ ಗೆರೆ ಅಲ್ಲೇ ಸವೆದು 'ಸ್ಸ್' ಎಂಬ ಸದ್ದು ಉಳಿದುಬಿಡುತ್ತದೆ. ಉಳಿದ ಹಾಡು ಹೊಸದರಂತೆ ಕೇಳಿದರೂ ಶುರು ಕೆಟ್ಟಿರುತ್ತದೆ. ಅದನ್ನು ಕೇಳದೆ ದುಡ್ಡು ಕೊಡಬೇಡಿ.

ಇನ್ನು ಕಾಗದ. ಈ ರೆಕಾರ್ಡುಗಳಲ್ಲಿ ಹಣದ ಒಳ್ಳೆಯ ಪಾಲು ಇಲ್ಲೂ ಅಡಗಿದೆ. ಸಾಹಿತ್ಯದ ಹಾಳೆ, ಮಡಚಿದ ಪೋಸ್ಟರು, ಕೆಲವದರಲ್ಲಿ ಚಿತ್ರಪುಸ್ತಿಕೆ, ಹೀಗೆ ಏನೇನೋ ಕೊಡುತ್ತಿದ್ದರು. ಕೊಂಡ ಹುಡುಗಿಯರು, ಹುಡುಗರು ಪೋಸ್ಟರನ್ನು ಗೋಡೆಗೆ ಅಂಟಿಸಿದರು, ಸಾಹಿತ್ಯದ ಹಾಳೆ ಕೈಯಿಂದ ಕೈಗೆ ಹೋಗಿ ಕಳೆದುಹೋಯಿತು. ಆದ್ದರಿಂದ ತಟ್ಟೆ ಸಿಕ್ಕಷ್ಟು ಸುಲಭವಾಗಿ ಪೂರ್ತಿ ಜೋಡಿ ಸಿಗುವುದಿಲ್ಲ. ಪೋಸ್ಟರಿನ ನಾಲ್ಕು ಮೂಲೆ ನೋಡಿ: ಪಿನ್ನಿನ ತೂತು, ಅಂಟುಪಟ್ಟಿಯ ಕಂದು ಕಲೆ. ಒಣಗಿದ ಅಂಟುಪಟ್ಟಿಯನ್ನು ಎಳೆದು ಕೀಳಬೇಡಿ, ಶಾಯಿ ಅದರೊಟ್ಟಿಗೇ ಬರುತ್ತದೆ. ಬಣ್ಣದ ಜೆರಾಕ್ಸನ್ನು ಮೂಲ ಹಾಳೆ ಎಂದು ಸೇರಿಸಿರುವುದೂ ಉಂಟು. ಮಡಿಕೆಯ ಗೆರೆಯಲ್ಲಿ ಟೋನರು ಪುಡಿಯಾಗಿ ಉದುರಿದ್ದರೆ ಅದು ಜೆರಾಕ್ಸು.

ತಟ್ಟೆಯ ಸ್ಥಿತಿ ಹೇಳುವ ಭಾಷೆಯಲ್ಲಿ ಒಂದು ಗೊಂದಲವಿದೆ. ಹಾಂಗ್‌ಕಾಂಗಿನ ಮಾರಾಟಗಾರರು 'ಗೌ ಸಿಂಗ್ ಸನ್' ಎನ್ನುತ್ತಾರೆ, ಹತ್ತರಲ್ಲಿ ಒಂಬತ್ತು ಪಾಲು ಹೊಸದು ಎಂದರ್ಥ. ಒಟ್ಟು ವಸ್ತು ನೋಡಿ ಹೇಳುವ ಮಾತು ಅದು, ಕವರು ಹೊಳೆಯುತ್ತಿದ್ದರೂ ಹಾಗೆನ್ನುತ್ತಾರೆ. ತಟ್ಟೆಗೆ, ಕವರಿಗೆ, ಹಾಳೆಗೆ ಬೇರೆ ಬೇರೆ ದರ್ಜೆ ಕೇಳಿ ಪಡೆಯಿರಿ. ನೀವೇ ನೋಡುವಾಗ ಒಂದೇ ಬಲ್ಬಿನ ಕೆಳಗೆ ತಟ್ಟೆಯನ್ನು ಓರೆ ಹಿಡಿದು ತಿರುಗಿಸಿ. ಚಾವಣಿಯ ಹರಡಿದ ಬೆಳಕು ಗೀರುಗಳನ್ನು ಮುಚ್ಚಿಬಿಡುತ್ತದೆ. ಕೂದಲೆಳೆಯಂಥ ಗೀರು ಉಗುರಿಗೆ ತಾಕದಿದ್ದರೆ ಸಾಮಾನ್ಯವಾಗಿ ಸದ್ದು ಮಾಡುವುದಿಲ್ಲ. ತಾಕಿದರೆ ಪ್ರತಿ ಸುತ್ತಿಗೊಮ್ಮೆ, ಅಂದರೆ 1.8 ಸೆಕೆಂಡಿಗೊಮ್ಮೆ 'ಟಕ್' ಎನ್ನುತ್ತದೆ. ನಡುವಿನ ತೂತಿನ ಸುತ್ತ ಲೇಬಲ್ಲಿನ ಮೇಲೆ ಬಿಳಿ ಗೆರೆಗಳು ಹೆಣೆದುಕೊಂಡಿದ್ದರೆ ಬಹಳ ಸಲ ನುಡಿಸಿದ ರೆಕಾರ್ಡು ಅದು.

ಹಾಂಗ್‌ಕಾಂಗಿನಿಂದ ಬಂದ ರೆಕಾರ್ಡಿನಲ್ಲಿ ಎರಡು ಬಗೆಯ ಮಬ್ಬು ಕಾಣುತ್ತದೆ, ಇವನ್ನು ಬಿಡಿಸಿ ನೋಡಲು ಕಲಿತರೆ ಬಹಳ ದುಡ್ಡು ಉಳಿಯುತ್ತದೆ. ಒಂದು ಬೂಷ್ಟು. ಅಲ್ಲಿ ಮಾರ್ಚ್, ಏಪ್ರಿಲ್‌ನಲ್ಲಿ ಗೋಡೆ ಬೆವರುವಷ್ಟು ತೇವ. ಮಂಗಳೂರು, ಕಾರವಾರದ ಮಳೆಗಾಲ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಬೂಷ್ಟು ಚುಕ್ಕೆಚುಕ್ಕೆಯಾಗಿ, ಕವಲೊಡೆದು ಹಬ್ಬಿರುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬರುತ್ತದೆ. ಇನ್ನೊಂದು ಹಾಲು ಚೆಲ್ಲಿ ಒಣಗಿದಂಥ ಮಬ್ಬು. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಚೀಲದಲ್ಲಿ ತಟ್ಟೆಯನ್ನು ವರ್ಷಗಟ್ಟಲೆ ಇಟ್ಟರೆ, ಆ ಚೀಲವನ್ನು ಮೆತ್ತಗಿಡಲು ಬೆರೆಸಿದ ರಾಸಾಯನಿಕ ಹೊರಬಂದು ರೆಕಾರ್ಡಿನ ಮೈಗೆ ಹತ್ತುತ್ತದೆ. ಚೀಲದ ಸುಕ್ಕುಗಳ ಆಕಾರವೇ ಮಬ್ಬಿನಲ್ಲಿ ಅಚ್ಚಾಗಿರುವುದನ್ನು ನೋಡಬಹುದು. ತೊಳೆದರೆ ಇದು ಹೋಗುವುದಿಲ್ಲ, ನುಡಿಸಿದಾಗ ಸುತ್ತು ಸುತ್ತಿಗೂ ಗಾಳಿ ಬೀಸಿದಂಥ ಸದ್ದು. ಇಂಥದ್ದಕ್ಕೆ ಸಂಗ್ರಹಯೋಗ್ಯ ಬೆಲೆ ಇಲ್ಲ ಎಂದೇ ನನ್ನ ಖಚಿತ ಅಭಿಪ್ರಾಯ.

ಬೆಲೆ ಕಟ್ಟುವಾಗ ಕೇಳುತ್ತಿರುವ ಬೆಲೆ ಬಿಡಿ, ಮಾರಾಟವಾದ ಬೆಲೆ ಹಿಡಿಯಿರಿ. ರೆಕಾರ್ಡು ಕೊಂಡು ಮಾರುವ ಡಿಸ್ಕಾಗ್ಸ್ ಜಾಲತಾಣದಲ್ಲಿ ಪ್ರತಿ ಮುದ್ರಣಕ್ಕೂ ಹಿಂದಿನ ಮಾರಾಟಗಳ ದಾಖಲೆ ಸಿಗುತ್ತದೆ. ಹಾಂಗ್‌ಕಾಂಗ್ ಡಾಲರು 1983ರಿಂದ ಅಮೆರಿಕದ ಡಾಲರಿಗೆ ಸುಮಾರು 7.8ರಂತೆ ಕಟ್ಟಿಕೊಂಡಿರುವುದರಿಂದ ಹಳೆಯ ದರಗಳನ್ನು ಹೋಲಿಸುವುದೂ ಸುಲಭ. ವ್ಯಾಪಾರದಲ್ಲಿ ನಡೆದುಬಂದ ಅನುಪಾತ ಹೀಗೆ: 'ನಿಯರ್ ಮಿಂಟ್' ಅಂದರೆ ಹೆಚ್ಚುಕಡಿಮೆ ಹೊಸದರಂಥ ಪ್ರತಿಗೆ ಪೂರ್ತಿ ಬೆಲೆ, ಅದಕ್ಕಿಂತ ಒಂದು ದರ್ಜೆ ಕೆಳಗಿನ 'ವಿಜಿ ಪ್ಲಸ್' (ವೆರಿ ಗುಡ್ ಪ್ಲಸ್) ಆದರೆ ಅರ್ಧ, ಅದಕ್ಕೂ ಕೆಳಗಿನ 'ವಿಜಿ' (ವೆರಿ ಗುಡ್) ಆದರೆ ಕಾಲು. ಲೆಕ್ಕಕ್ಕೆ ಒಂದು ಮುದ್ರಣದ ನಿಯರ್ ಮಿಂಟ್ ಪ್ರತಿ 800 ಹಾಂಗ್‌ಕಾಂಗ್ ಡಾಲರಿಗೆ ಹೋಗಿದೆ ಎಂದಿಟ್ಟುಕೊಳ್ಳಿ. ನಿಮ್ಮೆದುರಿನದು ವಿಜಿ ಪ್ಲಸ್, ಅಲ್ಲಿಗೆ 400. ಸಾಹಿತ್ಯದ ಹಾಳೆ ಇಲ್ಲ, ಕಾಲು ಭಾಗವಾದರೂ ಕಳೆಯಿರಿ, 300. ಪೋಸ್ಟರೂ ಇಲ್ಲದಿದ್ದರೆ ಇನ್ನೂ ಇಳಿಸಿ ಮಾತಾಡಿ. ಲೆಸ್ಲಿ ಚಿಯಂಗ್ ತೀರಿಕೊಂಡದ್ದು 2003ರ ಏಪ್ರಿಲ್ 1ರಂದು, ಅನಿಟಾ ಮುಯಿ ಅದೇ ವರ್ಷ ಡಿಸೆಂಬರ್ 30ರಂದು. ಆ ದಿನಗಳ ಆಸುಪಾಸಿನಲ್ಲಿ ಅಭಿಮಾನಿಗಳ ಬೇಡಿಕೆ ನೋಡಿ ಬೆಲೆ ಏರಿಸುವವರಿದ್ದಾರೆ. ಆಗ ಕೊಳ್ಳದಿರುವುದು ಒಳ್ಳೆಯದು.

ಬೂಷ್ಟು ಹಿಡಿದ ತಟ್ಟೆ ತೊಳೆಯಲು 750 ಮಿ.ಲೀ. ಡಿಸ್ಟಿಲ್ಡ್ ನೀರಿಗೆ 250 ಮಿ.ಲೀ. ಐಸೊಪ್ರೊಪೈಲ್ ಆಲ್ಕೊಹಾಲ್ ಬೆರೆಸಿ. ಲೇಬಲ್ಲಿಗೆ ಹನಿಯೂ ತಾಕದಂತೆ ಮೃದುವಾದ ಬಟ್ಟೆಯಲ್ಲಿ ಗೆರೆಗಳ ಗುಂಟ ಸುತ್ತುತ್ತ ಒರೆಸಿ, ಬರಿಯ ಡಿಸ್ಟಿಲ್ಡ್ ನೀರಿನಲ್ಲಿ ಇನ್ನೊಮ್ಮೆ ಒರೆಸಿ, ನಿಲ್ಲಿಸಿ ಒಣಗಿಸಿ. ನಲ್ಲಿ ನೀರು ಬೇಡ, ಅದರ ಲವಣ ಗೆರೆಯಲ್ಲಿ ಕೂತು ಚಟಪಟ ಎನ್ನುತ್ತದೆ. ಇದೇ ದ್ರಾವಣವನ್ನು ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಅರಗಿನ ತಟ್ಟೆಗಳಿಗೆ, ಉದಾಹರಣೆಗೆ ಕ್ಯಾಂಟನೀಸ್ ಒಪೆರಾದ ತಟ್ಟೆಗಳಿಗೆ, ಎಂದಿಗೂ ಹಚ್ಚಬಾರದು. ಆಲ್ಕೊಹಾಲ್ ಅರಗನ್ನು ಕರಗಿಸುತ್ತದೆ.

ಅಂಚೆಯಲ್ಲಿ ತರಿಸುವವರು ಮಾರುವವರಿಗೆ ಒಂದು ಮಾತು ಮೊದಲೇ ಬರೆದು ತಿಳಿಸಬೇಕು: ತಟ್ಟೆಯನ್ನು ಒಳಚೀಲದ ಸಮೇತ ಕವರಿನಿಂದ ಹೊರತೆಗೆದು, ಕವರಿನ ಹಿಂದೆ ಇಟ್ಟು, ಎರಡನ್ನೂ ಗಟ್ಟಿ ರಟ್ಟುಗಳ ನಡುವೆ ಕಟ್ಟಿ ಕಳಿಸಿ ಎಂದು. ಒಳಗೇ ಬಿಟ್ಟರೆ ಪೊಟ್ಟಣ ಬಿದ್ದಾಗ ತಟ್ಟೆಯ ಅಂಚು ಕವರಿನ ಅಂಟಿಸಿದ ಬದಿಯನ್ನು ಸೀಳಿಕೊಂಡು ಹೊರಬರುತ್ತದೆ. ಬಂದ ಮೇಲೆ ಪಿವಿಸಿ ಚೀಲವನ್ನು ಅಂದೇ ಎಸೆದು ಪಾಲಿಥಿನ್ ಒಳಚೀಲಕ್ಕೆ ಬದಲಿಸಿ. ನೆಟ್ಟಗೆ ನಿಲ್ಲಿಸಿಡಿ, ಒಂದರ ಮೇಲೊಂದು ಪೇರಿಸಬೇಡಿ. ಗಾಳಿಯ ತೇವಾಂಶ ಶೇ 50ರ ಆಸುಪಾಸಿನಲ್ಲಿರಲಿ. ಕರಾವಳಿಯ ಮನೆಗಳಲ್ಲಿ ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟ ಮುಚ್ಚಿದ ಕಪಾಟು ಬೇಕು, ಪೊಟ್ಟಣಗಳನ್ನು ಆಗಾಗ ಬಿಸಿ ಮಾಡಿ ಒಣಗಿಸುತ್ತಲೂ ಇರಬೇಕು.