ಕಾನೂನು ಬಂದಾಗಲೆಲ್ಲ ರೂಪ ಬದಲಿಸಿದ ಜಾ ಟ್ರ್ಯಾಪ್

ಉಕ್ಕಿನ ಎರಡು ದವಡೆ, ಅವನ್ನು ಮುಚ್ಚಿಸುವ ಬಲವಾದ ಸ್ಪ್ರಿಂಗ್, ನಡುವೆ ಸಣ್ಣದೊಂದು ತಟ್ಟೆ. ತುಪ್ಪಳಕ್ಕಾಗಿ ಪ್ರಾಣಿ ಹಿಡಿಯುವ ಜಾ ಟ್ರ್ಯಾಪ್ ಅಂದರೆ ಇಷ್ಟೇ. ಪ್ರಾಣಿ ಓಡಾಡುವ ಜಾಡಿನಲ್ಲಿ ಅದನ್ನು ಹೂತು, ಮೇಲೆ ತೆಳ್ಳಗೆ ಮಣ್ಣು ಉದುರಿಸಿ, ಸರಪಳಿಯನ್ನು ಗೂಟಕ್ಕೆ ಬಿಗಿಯುತ್ತಾರೆ. ತಟ್ಟೆಯ ಮೇಲೆ ಪಾದ ಬಿದ್ದೊಡನೆ ಕೊಂಡಿ ಕಳಚಿ ದವಡೆ ಮುಚ್ಚಿಕೊಳ್ಳುತ್ತದೆ. ಪ್ರಾಣಿ ಸಾಯುವುದಿಲ್ಲ, ಬೇಟೆಗಾರ ಬರುವವರೆಗೆ ಸಿಕ್ಕಿಕೊಂಡಿರುತ್ತದೆ. ಬಹಳಷ್ಟು ಗಾಯ ಆಗುವುದು ಈ ಕಾಯುವ ಹೊತ್ತಿನಲ್ಲೇ. ಎಳೆದಾಡಿ ಸ್ನಾಯು ಹರಿಯುತ್ತದೆ, ಕಬ್ಬಿಣ ಕಚ್ಚಿ ಹಲ್ಲು ಮುರಿಯುತ್ತದೆ. ರಕ್ತ ಹರಿಯದೆ ಮರಗಟ್ಟಿದ ಪಾದವನ್ನು ತಾನೇ ಕಡಿದುಕೊಂಡು ಕುಂಟುತ್ತಾ ಹೋಗುವ ಪ್ರಾಣಿಗಳೂ ಉಂಟು.

ತುಪ್ಪಳದ ವ್ಯಾಪಾರ ದೊಡ್ಡದಾಗಿ ಬೆಳೆದದ್ದು ಮೇಲಂಗಿಗಿಂತ ಹೆಚ್ಚಾಗಿ ಟೋಪಿಗಾಗಿ. ನೀರಿನ ಬಳಿ ಬಾಳುವ ದಂಶಕ ಬೀವರ್‌ನ ಒಳಗೂದಲು ಒಂದಕ್ಕೊಂದು ಸಿಕ್ಕಿಕೊಂಡು ಫೆಲ್ಟ್ ಎಂಬ ಗಟ್ಟಿ ಬಟ್ಟೆ ಆಗುತ್ತದೆ. ಅದಕ್ಕೇ ಅದರ ಮೇಲೆ ಕಣ್ಣು ಬಿತ್ತು. 1670ರಲ್ಲಿ ಉತ್ತರ ಅಮೆರಿಕದಲ್ಲಿ ತುಪ್ಪಳದ ವ್ಯಾಪಾರಕ್ಕಿಳಿದ ಹಡ್ಸನ್ಸ್ ಬೇ ಕಂಪನಿಗೆ ಇಂಗ್ಲೆಂಡಿನ ರಾಜಸನದು ಸಿಕ್ಕಿತು. 20ನೇ ಶತಮಾನದ ಆರಂಭದ ಹೊತ್ತಿಗೆ ಯುರೋಪ್ ಮತ್ತು ಏಷ್ಯಾದಲ್ಲಿ ಉಳಿದಿದ್ದ ಬೀವರ್‌ಗಳು ಸುಮಾರು 1,200 ಮಾತ್ರ. ಅತ್ತ 19ನೇ ಶತಮಾನದಲ್ಲಿ ಅಮೆರಿಕದ ಒನೈಡಾದಲ್ಲಿ ಸ್ಯೂಯೆಲ್ ನ್ಯೂಹೌಸ್ ರೂಪಿಸಿದ ಟ್ರ್ಯಾಪ್ ಕಾರ್ಖಾನೆಯಲ್ಲಿ ತಯಾರಾಗತೊಡಗಿತು. ಕಮ್ಮಾರ ಒಂದೊಂದಾಗಿ ಬಡಿದು ಮಾಡುತ್ತಿದ್ದ ವಸ್ತು ರಾಶಿಗಟ್ಟಲೆ ಸಿಗುವಂತಾಯಿತು.

ವಿರೋಧ ಸಂಘಟಿತವಾದದ್ದು ತಡವಾಗಿ. 1925ರಲ್ಲಿ ಅಮೆರಿಕದಲ್ಲಿ ಉಕ್ಕಿನ ಟ್ರ್ಯಾಪ್ ವಿರುದ್ಧವೇ ಒಂದು ಲೀಗ್ ಹುಟ್ಟಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1954ರ ಕಾಯ್ದೆಯ ಪ್ರಕಾರ 1958ರಿಂದ ದವಡೆಗೆ ಹಲ್ಲುಗಳಿರುವ ಟ್ರ್ಯಾಪ್‌ಗೆ ನಿಷೇಧ ಬಂತು.

ಅದೇ ದಶಕದಲ್ಲಿ ಕೆನಡಾದ ಫ್ರಾಂಕ್ ಕಾನಿಬೇರ್ ಬೇರೊಂದು ಸಾಧನ ರೂಪಿಸಿದರು: ಎರಡು ಚೌಕಟ್ಟು ಕತ್ತರಿಯಂತೆ ಮುಚ್ಚಿಕೊಂಡು ಕುತ್ತಿಗೆ ಮುರಿದು ತಕ್ಷಣ ಕೊಲ್ಲಬೇಕು. ಅವರ ಉದ್ದೇಶ ನೋವು ತಗ್ಗಿಸುವುದೇ ಆಗಿತ್ತು. ಆದರೆ ಪ್ರಾಣಿ ನೇರವಾಗಿ, ಸರಿಯಾದ ವೇಗದಲ್ಲಿ ತಲೆ ತೂರಿಸಿದರೆ ಮಾತ್ರ ಲೆಕ್ಕ ಸರಿಹೋಗುತ್ತದೆ. ಓರೆಯಾಗಿ ನುಗ್ಗಿದರೆ ಏಟು ಎದೆಗೋ ಸೊಂಟಕ್ಕೋ ಬೀಳುತ್ತದೆ. ವಾಕಿಂಗಿಗೆ ಬಂದ ನಾಯಿಯೂ ಸಿಗುತ್ತದೆ. ಆಗ ಚೌಕಟ್ಟನ್ನು ಕೈಯಿಂದ ಅಗಲಿಸಲು ಹೋಗಿ ಸಮಯ ಕಳೆಯಬೇಡಿ, ಅದು ಆಗದ ಕೆಲಸ. ಒಂದು ಬದಿಯ ಸ್ಪ್ರಿಂಗ್‌ನ ಎರಡೂ ಬಳೆಗಳೊಳಗೆ ನಾಯಿಯ ಹಗ್ಗ ತೂರಿಸಿ, ಮೊದಲ ಬಳೆಯಲ್ಲಿ ಮತ್ತೊಮ್ಮೆ ಸುತ್ತಿ ತನ್ನಿ. ಒಂದು ತುದಿಯನ್ನು ಕಾಲಲ್ಲಿ ಮೆಟ್ಟಿ ಇನ್ನೊಂದನ್ನು ಮೇಲಕ್ಕೆಳೆಯಿರಿ. ಸ್ಪ್ರಿಂಗ್ ಕುಗ್ಗಿದೊಡನೆ ಅದರ ಕೊಕ್ಕೆ ಹಾಕಿ, ಇನ್ನೊಂದು ಬದಿಗೂ ಹೀಗೇ ಮಾಡಿ. ಉಸಿರು ಕಟ್ಟಿದ ನಾಯಿಗೆ ಕೆಲವೇ ನಿಮಿಷ ಇರುತ್ತದೆ.

ದೊಡ್ಡ ಗೆಲುವು ಸಿಕ್ಕಿತು ಅನ್ನಿಸಿದ್ದು 1991ರಲ್ಲಿ. ಯುರೋಪಿಯನ್ ಸಮುದಾಯ (ಇಂದಿನ ಯುರೋಪಿಯನ್ ಒಕ್ಕೂಟ) ತನ್ನ ನೆಲದಲ್ಲಿ 1995ರಿಂದ ಕಾಲು ಹಿಡಿಯುವ ಟ್ರ್ಯಾಪ್ ನಿಷೇಧಿಸಿತು. ಅದನ್ನು ಬಳಸುವ ದೇಶಗಳಿಂದ ತೋಳ, ಬೀವರ್, ರಕೂನ್ ಸೇರಿ 13 ಪ್ರಾಣಿಗಳ ತುಪ್ಪಳ ತರಿಸುವುದನ್ನೂ ತಡೆಯುವುದಾಗಿ ಹೇಳಿತು. ರಫ್ತುದಾರ ದೇಶಗಳು ವ್ಯಾಪಾರದ ಜಗಳ ತೆಗೆದವು. ಕೊನೆಗೆ ಬಂದದ್ದು ಕೆನಡಾ ಮತ್ತು ರಷ್ಯಾದೊಂದಿಗೆ 'ಮಾನವೀಯ' ಟ್ರ್ಯಾಪ್‌ಗಳ ಒಪ್ಪಂದ. ಅದರ ಅಳತೆಗೋಲು ನೋಡಿ: ಕೊಲ್ಲುವ ಟ್ರ್ಯಾಪ್ ಪಾಸಾಗಲು ಕನಿಷ್ಠ 12 ಪ್ರಾಣಿಗಳ ಮೇಲೆ ಪರೀಕ್ಷೆ, ಶೇ. 80ರಷ್ಟು ನಿಗದಿತ ಸಮಯದೊಳಗೆ ಪ್ರಜ್ಞೆ ತಪ್ಪಬೇಕು. ಹೆಚ್ಚಿನ ಪ್ರಾಣಿಗಳಿಗೆ ಆ ಸಮಯ 300 ಸೆಕೆಂಡು. ಗಡಿಯಾರ ಮುಂದಿಟ್ಟುಕೊಂಡು ಐದು ನಿಮಿಷ ಎಣಿಸಿ, ಎಷ್ಟು ಉದ್ದವೆಂದು ತಿಳಿಯುತ್ತದೆ. ಉಳಿದ ಶೇ. 20ಕ್ಕೆ ಆ ಮಿತಿಯೂ ಇಲ್ಲ.

ಟ್ರ್ಯಾಪ್ ತಿದ್ದುವುದರಿಂದ ವ್ಯಾಪಾರಕ್ಕೆ ಸಮ್ಮತಿಯ ಮುದ್ರೆ ಸಿಗುತ್ತದೆ, ಪ್ರಾಣಿಗಲ್ಲ. ಫಲ ಕೊಟ್ಟದ್ದು ಕೊಳ್ಳುವವರನ್ನೂ ಮಾರುವವರನ್ನೂ ಗುರಿಯಾಗಿಸಿದ ಹೋರಾಟ. 2017ರಲ್ಲಿ ಫ್ಯಾಷನ್ ಕಂಪನಿ ಗುಚಿ ತುಪ್ಪಳ ಕೈಬಿಡುವುದಾಗಿ ಘೋಷಿಸಿತು. ಇಸ್ರೇಲ್ 2021ರಲ್ಲಿ ಧಾರ್ಮಿಕ ಬಳಕೆಗೆ ವಿನಾಯಿತಿ ಇಟ್ಟು ಮಾರಾಟ ನಿಷೇಧಿಸಿತು. ಕ್ಯಾಲಿಫೋರ್ನಿಯಾದ ಮಾರಾಟ ನಿಷೇಧ 2023ರ ಜನವರಿ 1ರಂದು ಜಾರಿಗೆ ಬಂತು.

ಈಗ ತುಪ್ಪಳ ಅಡಗಿರುವುದು ಜಾಕೆಟ್‌ನ ಟೋಪಿಯ ಅಂಚಿನಲ್ಲಿ, ಕೀಚೈನಿನ ಉಂಡೆಯಲ್ಲಿ. ಕೊಳ್ಳುವ ಮುನ್ನ ಕೂದಲನ್ನು ಬಿಡಿಸಿ ಬುಡ ನೋಡಿ: ತೊಗಲು ಕಂಡರೆ ಅಸಲಿ, ನೇಯ್ಗೆ ಕಂಡರೆ ಕೃತಕ. ಸೂಜಿಯಂತೆ ಮೊನಚಾದ ತುದಿಯೂ ಅಸಲಿಯ ಗುರುತು. ಕತ್ತರಿಸಿದ್ದರೆ ಮಾತ್ರ ಈ ಗುರುತು ಸಿಗದು. ಆಮೇಲೂ ಅನುಮಾನವಿದ್ದರೆ ಉದುರಿದ ಎರಡು ಎಳೆ ಸುಟ್ಟು ನೋಡಿ. ಕೃತಕವಾದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಅಸಲಿಯಾದರೆ ತಲೆಗೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಉಜ್ಜಿದರೆ ಬೂದಿಯಾಗುತ್ತದೆ.