ಓರೆ ಜಾಗದ ಸ್ಲ್ಯಾಬಿಗೆ ಆಯತದ ಲೆಕ್ಕ

ಮಂಗಳೂರಿನ ಗುಡ್ಡದ ಇಳಿಜಾರಿನಲ್ಲಿ, ಉಡುಪಿ-ಮಣಿಪಾಲದ ರಸ್ತೆ ತಿರುವುಗಳಲ್ಲಿ ಐದಾರು ಸೆಂಟ್ಸ್ ಜಾಗ ನೇರ ಆಯತವಾಗಿ ಸಿಗುವುದು ಕಡಿಮೆ. ಮನೆ ಜಾಗಕ್ಕೆ ತಕ್ಕಂತೆ ಓರೆಯಾಗುತ್ತದೆ. ಸ್ಲ್ಯಾಬಿನ ಬೆಂಡಿಂಗ್ ಮೊಮೆಂಟ್ (ಭಾರ ಅದನ್ನು ಬಾಗಿಸುವ ಪ್ರಮಾಣ, ಕಂಬಿ ಎಷ್ಟೆಂಬುದು ಇದರಿಂದಲೇ) ಮಾತ್ರ ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456ರ ಕೋಷ್ಟಕ 26ರಿಂದಲೇ ಬರುತ್ತದೆ. ಆ ಕೋಷ್ಟಕ ಇರುವುದು ಆಯತಕ್ಕೆ.

1921ರಲ್ಲಿ ವೆಸ್ಟರ್‌ಗಾರ್ಡ್ ಮತ್ತು ಸ್ಲೇಟರ್ ಸ್ಲ್ಯಾಬಿನ ಮೊಮೆಂಟುಗಳನ್ನು ಸ್ಥಿತಿಸ್ಥಾಪಕ ಸಿದ್ಧಾಂತದಿಂದ (ಭಾರ ತೆಗೆದರೆ ಸ್ಲ್ಯಾಬ್ ಮೊದಲಿನಂತಾಗುತ್ತದೆ ಎಂಬ ಲೆಕ್ಕ) ಬಿಡಿಸಿದರು. ಕೆಲವು ಸರಳ ಆಕಾರ ಬಿಟ್ಟರೆ ಆ ಗಣಿತ ಕೈಲೆಕ್ಕಕ್ಕೆ ಒಗ್ಗದು. ಡೆನ್ಮಾರ್ಕಿನ ಎಂಜಿನಿಯರ್ ಯೋಹಾನ್ಸೆನ್ 1943ರಲ್ಲಿ ಬೇರೆ ತುದಿಯಿಂದ ಹೊರಟರು: ಸ್ಲ್ಯಾಬ್ ಕುಸಿಯುವಾಗ ಕಂಬಿ ಯಾವ ಗೆರೆಗಳಲ್ಲಿ ಮಣಿಯುತ್ತದೆ? ಈ ಯೀಲ್ಡ್ ಲೈನ್ (ಮಣಿಯುವ ಗೆರೆ) ವಿಧಾನವನ್ನು ಐಎಸ್ 456 ಕೂಡ ಹೆಸರಿಸುತ್ತದೆ.

ಮೂರೂ ಬದಿ ಗೋಡೆಯ ಮೇಲೆ ಕೂತ ತ್ರಿಕೋನ ಸ್ಲ್ಯಾಬಿಗೆ ಅದರ ಉತ್ತರ ಒಂದೇ ಸಾಲು: ಭಾರ × ಒಳವೃತ್ತ ತ್ರಿಜ್ಯದ ವರ್ಗ ÷ 6. ಬದಿಗಳು 6, 8, 10 ಮೀಟರ್ ಎನ್ನಿ. ವಿಸ್ತೀರ್ಣ 24, ಅರ್ಧ ಸುತ್ತಳತೆ 12. ತ್ರಿಜ್ಯ 2 ಮೀಟರ್. ಸ್ವಂತ ತೂಕ, ಸುರಕ್ಷಾ ಗುಣಕ ಸೇರಿ ಚದರ ಮೀಟರಿಗೆ 10 ಕಿಲೋನ್ಯೂಟನ್ ಭಾರವಿದ್ದರೆ ಮೊಮೆಂಟ್ ಮೀಟರ್ ಅಗಲಕ್ಕೆ 6.7 ಕಿಲೋನ್ಯೂಟನ್-ಮೀಟರ್. ಅದನ್ನೇ 6×8 ಆಯತವೆಂದು ಕೋಷ್ಟಕದಲ್ಲಿ ನೋಡಿದರೆ ಸುಮಾರು 29! ನಾಲ್ಕು ಪಟ್ಟು ಕಬ್ಬಿಣ ದಂಡ. ಆದರೆ ಚೂಪು ಮೂಲೆಗಳಲ್ಲಿ ಮೇಲ್ಕಂಬಿ (ಸ್ಲ್ಯಾಬಿನ ಮೇಲ್ಮೈ ಬಳಿಯ ಕಂಬಿ) ಇಲ್ಲದಿದ್ದರೆ 6.7 ಸಾಲದು, ಸ್ಲ್ಯಾಬ್ ಜೋಲುವುದನ್ನೂ ಬೇರೆಯಾಗಿ ನೋಡಬೇಕು. ತಪ್ಪು ಗೆರೆ ಊಹಿಸಿದರೆ ಈ ವಿಧಾನ ಅಪಾಯದ ಕಡೆಗೇ ವಾಲುತ್ತದೆ. ಆ ಭಯವಿದ್ದವರಿಗೆ ಸ್ವೀಡನ್ನಿನ ಹಿಲ್ಲರ್‌ಬೋರ್ಗ್ 1956ರಲ್ಲಿ ಕೊಟ್ಟ ಪಟ್ಟಿ ವಿಧಾನವಿದೆ: ಭಾರವನ್ನು ಎರಡು ದಿಕ್ಕಿನ ಪಟ್ಟಿಗಳಿಗೆ ಹಂಚುತ್ತಾರೆ, ಸುರಕ್ಷಿತ ಕಡೆ ಉಳಿಯುತ್ತಾರೆ.

ಎಲ್ ಆಕಾರದಲ್ಲಿ ತಪ್ಪು ತಿರುವುಮುರುವು: ಆಯತದ ಲೆಕ್ಕ ಅಪಾಯದ ಕಡೆಗೆ ಒಯ್ಯುತ್ತದೆ. ಎರಡು ಆಯತವಾಗಿ ಸೀಳಿದ ಗೆರೆಯ ಕೆಳಗೆ ನಿಜವಾದ ಬೀಮ್ ಇರುವುದಿಲ್ಲ. ಸ್ಲ್ಯಾಬಿನಷ್ಟೇ ದಪ್ಪದ ‘ಅಡಗಿದ ಬೀಮ್’ ಆಧಾರವಾಗಲಾರದು. ಎಷ್ಟು ರಾಡ್ ತುಂಬಿದರೂ ಸ್ಲ್ಯಾಬಿನ ಜೊತೆಗೇ ಜೋಲುತ್ತದೆ. ಒಳಮೂಲೆಯಿಂದ ಓರೆ ಬಿರುಕು ಹೊರಡುತ್ತದೆ, ತಾರಸಿಯಲ್ಲಾದರೆ ಜೂನ್ ಮಳೆಗೆ ನೀರು ಅಲ್ಲಿಂದಲೇ ಇಳಿಯುತ್ತದೆ, ಕಡಲ ಉಪ್ಪುಗಾಳಿಗೆ ಕಂಬಿ ಬೇಗ ತುಕ್ಕು ಹಿಡಿಯುತ್ತದೆ. ಅಲ್ಲಿ ಬಿರುಕಿಗೆ ಅಡ್ಡಲಾಗಿ ಓರೆ ಮೇಲ್ಕಂಬಿ ಬೇಕೇಬೇಕು.

ಈಗ ಸಾಫ್ಟ್‌ವೇರ್ ಇದೆ. ಒಳಮೂಲೆಯಲ್ಲಿ ಜಾಲ (ಲೆಕ್ಕಕ್ಕೆಂದು ಸ್ಲ್ಯಾಬನ್ನು ಸೀಳುವ ಚೌಕಗಳು) ಸಣ್ಣದಾದಷ್ಟೂ ಮೊಮೆಂಟ್ ಏರುತ್ತಲೇ ಹೋಗುವುದರಿಂದ, ತುದಿಯ ಅಂಕಿ ಬಿಟ್ಟು ಒಂದಿಷ್ಟು ಅಗಲದ ಸರಾಸರಿ ಹಿಡಿಯಬೇಕು. ಇನ್ನೊಂದು ತಪ್ಪು, ಪ್ರಿಂಟಿನಲ್ಲಿ ಎರಡು ದಿಕ್ಕಿನ ಮೊಮೆಂಟುಗಳಾದ ಎಂಎಕ್ಸ್, ಎಂವೈ ಮಾತ್ರ ಓದಿ ತಿರುಚು ಮೊಮೆಂಟ್ ಎಂಎಕ್ಸ್‌ವೈ ಬಿಡುವುದು. 1968ರಲ್ಲಿ ವುಡ್ ಕೊಟ್ಟ ಸೂತ್ರದಂತೆ, ಕೆಳಕಂಬಿಗೆ ಸಾಮಾನ್ಯವಾಗಿ ಅದನ್ನು ಎರಡಕ್ಕೂ ಕೂಡಿಸಬೇಕು. ಓರೆ ಮೂಲೆಗಳಲ್ಲಿ ಅದು ದೊಡ್ಡ ಅಂಕಿಯಾಗಿರಬಹುದು.