ನಾಯಿಯ ಗಬ್ಬದ ಕೊನೆಯ ವಾರಗಳು: ದಿನದ ಲೆಕ್ಕ ಮತ್ತು ಥರ್ಮಾಮೀಟರ್

ನಾಯಿಯ ಗಬ್ಬ 63 ದಿನ ಎಂದು ನಾವೆಲ್ಲ ಬಾಯಿಪಾಠ ಮಾಡಿರುತ್ತೇವೆ. ಎಣಿಕೆ ಎಲ್ಲಿಂದ ಶುರು ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಅದು ಅಂಡ ಬಿಡುಗಡೆಯಾದ ದಿನದಿಂದ ಹಾಕಿದ ಲೆಕ್ಕ, ನಾಯಿಗಳು ಕೂಡಿದ ದಿನದಿಂದಲ್ಲ. ವೀರ್ಯಾಣು ಹೆಣ್ಣುನಾಯಿಯ ದೇಹದಲ್ಲಿ ಹಲವು ದಿನ ಬದುಕಿರುತ್ತದೆ. ಹೊರಬಂದ ಅಂಡವೂ ಪಕ್ವವಾಗಲು ಸುಮಾರು ಎರಡು ದಿನ ಬೇಕು. ಹಾಗಾಗಿ ಕೂಡಿದ ದಿನದಿಂದ ಎಣಿಸಿದರೆ ಹೆರಿಗೆ 57ರಿಂದ 72ನೇ ದಿನದೊಳಗೆ ಯಾವಾಗ ಬೇಕಾದರೂ ಆಗಬಹುದು. ಶಿರಸಿ ಕಡೆಯ ತೋಟದ ಮನೆಗಳಲ್ಲಿ ನಾಯಿಗೆ ಹಗ್ಗವಿಲ್ಲ, ಯಜಮಾನರ ಬಳಿ ತಾರೀಖೂ ಇಲ್ಲ. ‘ಅಡಿಕೆ ಕೊಯ್ಲಿನ ಹೊತ್ತಿಗಿರಬೇಕು’ ಎಂಬ ಉತ್ತರ ಹಿಡಿದು ಹೆರಿಗೆಯ ದಿನ ಹೇಳಲಾಗದು.

ಅದಕ್ಕೇ ಥರ್ಮಾಮೀಟರ್. 55ನೇ ದಿನದ ಆಸುಪಾಸಿನಿಂದ ಬೆಳಿಗ್ಗೆ, ಸಂಜೆ ನಿಗದಿತ ಹೊತ್ತಿಗೆ ತುದಿಗೆ ವ್ಯಾಸಲೀನ್ ಸವರಿ, ಬಾಲ ಎತ್ತಿ ಹಿಡಿದು, ಗುದದ್ವಾರದಲ್ಲಿ ಜ್ವರ ನೋಡಿ ಬರೆದಿಡಬೇಕು. ಸಾಮಾನ್ಯವಾಗಿ 101 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿನಲ್ಲಿರುವುದು 99ಕ್ಕಿಂತ ಕೆಳಗಿಳಿದರೆ ಹೆಚ್ಚಾಗಿ 24 ಗಂಟೆಯೊಳಗೆ ಹೆರಿಗೆ ಶುರುವಾಗುತ್ತದೆ. ಗಬ್ಬವನ್ನು ಕಾಯ್ದುಕೊಂಡಿದ್ದ ಪ್ರೊಜೆಸ್ಟರಾನ್ ಕುಸಿಯುವುದೇ ಇದಕ್ಕೆ ಕಾರಣ. ಆ ಹಾರ್ಮೋನಿಗೆ ಮೈ ಬಿಸಿ ಏರಿಸುವ ಗುಣವೂ ಇದೆ. ಇಳಿದ ಉಷ್ಣತೆ ಕೆಲವೇ ಗಂಟೆಗಳಲ್ಲಿ ಮತ್ತೆ ಏರುವುದರಿಂದ ದಿನಕ್ಕೊಮ್ಮೆ ನೋಡುವವರಿಗೆ ಅದು ಕೈತಪ್ಪುತ್ತದೆ.

ಎಕ್ಸ್‌ರೇಯಲ್ಲಿ 45ನೇ ದಿನದ ಹೊತ್ತಿಗೆ ಮರಿಗಳ ಮೂಳೆ ಕಾಣತೊಡಗಿದರೂ ತಲೆ ಎಣಿಸಲು 55 ದಾಟಬೇಕು. ಮರಿ ಎಷ್ಟೆಂದು ಗೊತ್ತಿದ್ದರೆ ಹೆರಿಗೆ ಮುಗಿಯಿತೇ ಎಂಬ ಅನುಮಾನ ಉಳಿಯುವುದಿಲ್ಲ.

ಹೊಟ್ಟೆಯಲ್ಲಿ ಜಾಗ ಸಾಲದ ಕಾರಣ ಊಟವನ್ನು ಸ್ವಲ್ಪ ಸ್ವಲ್ಪವಾಗಿ ನಾಲ್ಕು ಹೊತ್ತು ಹಾಕುವುದು ಒಳ್ಳೆಯದು. ಕ್ಯಾಲ್ಸಿಯಂ ಟಾನಿಕ್ ಮಾತ್ರ ಬೇಡ. ಬಸುರಿಗೆ ಮೂಳೆಯ ಶಕ್ತಿ ಬೇಡವೇ ಎಂದು ಮನೆಯವರು ಜಗಳಕ್ಕೇ ಬರುತ್ತಾರೆ. ಹೊರಗಿನಿಂದ ಧಾರಾಳವಾಗಿ ಸಿಕ್ಕರೆ ಮೂಳೆಯಿಂದ ಕ್ಯಾಲ್ಸಿಯಂ ತೆಗೆದುಕೊಡುವ ಪ್ಯಾರಾಥೈರಾಯ್ಡ್ ಗ್ರಂಥಿ ಸೋಮಾರಿಯಾಗುತ್ತದೆ. ಹೆತ್ತ ಮೇಲೆ ಹಾಲಿಗೆ ಒಮ್ಮೆಲೇ ಬೇಡಿಕೆ ಬಂದಾಗ ಅದು ಎಚ್ಚೆತ್ತುಕೊಳ್ಳುವಷ್ಟರಲ್ಲಿ ತಾಯಿ ನಡುಗಿ, ಸೆಟೆದು ಬೀಳಬಹುದು. ಇದೇ ಎಕ್ಲಾಂಪ್ಸಿಯಾ, ಸಣ್ಣ ತಳಿಗಳಲ್ಲಿ ಹೆಚ್ಚು.

ಕೊನೆಯ ಮೂರು ವಾರ, ಹೆತ್ತ ಮೇಲೆ ಮತ್ತೆ ಮೂರು ವಾರ ಬೇರೆ ನಾಯಿಗಳ ಸಹವಾಸ ತಪ್ಪಿಸಿ. ಹರ್ಪಿಸ್ ವೈರಸ್ಸಿಗೆ ಎಳೆಮರಿಗಳು ಸಾಯುತ್ತವೆ.

ಹೆರಿಗೆಯ ಜಾಗವನ್ನು ವಾರ ಮೊದಲೇ ಸಿದ್ಧಪಡಿಸಿ, ನಾಯಿ ಅಲ್ಲೇ ಮಲಗಲು ರೂಢಿ ಮಾಡಿಸಬೇಕು. ಹುಟ್ಟಿದ ಮರಿಗೆ ತನ್ನ ಮೈ ತಾನೇ ಬಿಸಿಯಾಗಿಟ್ಟುಕೊಳ್ಳಲು ಬಾರದು. ಮೊದಲ ವಾರ ಸುತ್ತ 29–32 ಡಿಗ್ರಿ ಸೆಲ್ಸಿಯಸ್ ಇರಬೇಕು. ಕಾರವಾರದ ಮೇ ತಿಂಗಳ ಸೆಕೆಯಲ್ಲಿ ಬಲ್ಬ್ ಹಾಕುವುದು ಹಿಂಸೆ. ಜುಲೈ ಮಳೆಯಲ್ಲಿ ನೆಲ ಬೆವರುತ್ತದೆ, ಕರೆಂಟೂ ಕೈಕೊಡುತ್ತದೆ. ಆಗ ಮಣೆಯ ಮೇಲೆ ಒಣ ಬಟ್ಟೆ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಸಾಕು.

ಮೊದಲ ಮರಿಗೂ ಮುಂಚೆ ಕಡುಹಸಿರು ಸ್ರಾವ ಕಂಡರೆ ಮಾಸು ಬಿಟ್ಟುಕೊಂಡಿದೆ ಎಂದರ್ಥ, ಕೂಡಲೇ ವೈದ್ಯರು ಬೇಕು. ಮೊದಲ ಮರಿ ಬಂದ ಮೇಲೆ ಅದೇ ಹಸಿರು ಸಹಜ. ಅರ್ಧ ಗಂಟೆ ಜೋರಾಗಿ ಮುಕ್ಕಿದರೂ ಮರಿ ಬಾರದಿದ್ದರೆ, ಒಳಗೆ ಮರಿಯಿದ್ದೂ ಎರಡು ಗಂಟೆ ಸುಮ್ಮನೆ ಕಳೆದರೆ ಕಾಯಬಾರದು. ಘಟ್ಟದ ದಾರಿಯ ಹಳ್ಳಿಗಳವರು ವಾಹನವನ್ನು ಮೊದಲೇ ಗೊತ್ತು ಮಾಡಿಟ್ಟುಕೊಳ್ಳಲಿ. ಗರ್ಭಕೋಶವನ್ನು ಹಿಂಡಿ ನೋವು ಬರಿಸುವ ಆಕ್ಸಿಟೋಸಿನ್ ಸೂಜಿಯನ್ನು ಮನೆಯಲ್ಲೇ ಚುಚ್ಚುವ ಧೈರ್ಯ ಯಾರಿಗೂ ಬೇಡ: ಮರಿ ಅಡ್ಡ ಸಿಕ್ಕಿಕೊಂಡಿದ್ದರೆ ಗರ್ಭಕೋಶವೇ ಹರಿಯಬಹುದು.